ತಟ್ಟುವ ಕೈ

ರೋಲಿನ ಹೊರಸುತ್ತಿನಿಂದ ಕತ್ತರಿಸಿದ ಪಟ್ಟಿಯನ್ನು ಇಂಕಮ್ಮ ಪೆನ್ಸಿಲ್ ದಪ್ಪದ ಕಂಬಿಗೆ ಸುತ್ತಿದಳು, ಬಿಡಿಸಿದಳು, ಮತ್ತೆ ಸುತ್ತಿದಳು. ಪಕ್ಕದಲ್ಲಿ ನಿಂತಿದ್ದ ಯಜಮಾನಿ ಮನಸ್ಸಿನಲ್ಲೇ ಎಣಿಸುತ್ತಿದ್ದರೋ ಏನೋ, ಅವರ ತುಟಿ ಅಲುಗುತ್ತಿತ್ತು. ಸಾಕೆನಿಸಿದ ಮೇಲೆ ಪಟ್ಟಿಯನ್ನು ದೀಪದ ಕೆಳಗಿಟ್ಟು ಎರಡೂ ತುದಿಗೆ ತಂತಿ ಸಿಕ್ಕಿಸಿದಾಗ ಮೀಟರಿನ ಮುಳ್ಳು ಅರ್ಧಕ್ಕೆ ಎದ್ದು, ತೂಕಡಿಸುವವರ ತಲೆಯ ಹಾಗೆ ಮೆಲ್ಲಗೆ ಕೆಳಕ್ಕೆ ಬಾಗಿತು. ಭೂತಗನ್ನಡಿ ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದಳು. ಕಪ್ಪು ಪದರದ ತುಂಬ ಕೂದಲೆಳೆಯಂಥ ಬಿರುಕುಗಳು.

ಇನ್ನೊಂದು ಪಟ್ಟಿ ಕತ್ತರಿಸಿ ನೋಡಿದಳು. ಅದೂ ಹಾಗೆಯೇ ಇತ್ತು. 

ಆ ಕಾರ್ಖಾನೆಯಲ್ಲಿ ಯಜಮಾನಿಯ ತಂದೆಯ ಕಾಲದಿಂದಲೂ ಬಿಸ್ಕತ್ತಿನ ಹೊದಿಕೆಗಳು ಅಚ್ಚಾಗುತ್ತಿದ್ದವು. ಇದ್ದ ಮಷೀನುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದನ್ನು ಯಜಮಾನಿ ಧೈರ್ಯ ಮಾಡಿ ಹೊಸ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಬಿಸಿಲು ಬಿದ್ದರೆ ಕರೆಂಟು ಕೊಡುವ, ಬೇಡವಾದಾಗ ಚಾಪೆಯ ಹಾಗೆ ಸುತ್ತಿಡಬಹುದಾದ ಪ್ಲಾಸ್ಟಿಕ್ ಹಾಳೆ ಮಾಡುವ ಕೆಲಸ. ಗಾಜಿನ ಫಲಕದ ಭಾರ ತಡೆಯಲಾರದ ಡೇರೆಗಳಿಗೆ, ದೋಣಿಗಳಿಗೆ, ತಗಡಿನ ಮಾಡುಗಳಿಗೆ ಇಂಥದೊಂದು ಹಾಳೆ ಬೇಕಿತ್ತು. ಅದರ ಮೇಲೆ ಬಳಿಯುವ ವಸ್ತುವಿಗೆ ಪೆರೊವ್‌ಸ್ಕೈಟ್ ಎಂದು ಹೆಸರು. ಇಂಕಮ್ಮನೊಬ್ಬಳನ್ನು ಬಿಟ್ಟರೆ ಬೇರೆ ಯಾರ ನಾಲಿಗೆಯೂ ಅದಕ್ಕೆ ಹೊರಳುತ್ತಿರಲಿಲ್ಲವಾಗಿ ಎಲ್ಲರೂ ಅದನ್ನು ‘ಕಪ್ಪು’ ಎಂದೇ ಕರೆಯುತ್ತಿದ್ದರು. ತೊಟ್ಟಿಯಲ್ಲಿರುವಾಗ ಅದು ಹಳದಿ ಶಾಯಿ. ತೆಳ್ಳಗೆ ಬಳಿಸಿಕೊಂಡು ಬಿಸಿಗೂಡಿನೊಳಗೆ ಹೊಕ್ಕ ಹಾಳೆ ಆ ಕಡೆಯಿಂದ ಕಪ್ಪಾಗಿ ಹೊರಬರುತ್ತಿತ್ತು. ಅದನ್ನು ನೋಡಲು ಬಿಸ್ಕತ್ತು ವಿಭಾಗದವರೂ ನೆಪ ಹುಡುಕಿಕೊಂಡು ಬರುತ್ತಿದ್ದರು.

ಶಾಯಿ ತಯಾರಿಸುವವಳಾದ್ದರಿಂದ ಅವಳು ಇಂಕಮ್ಮ. ಕಾಲೇಜಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಂಗೈಯಗಲದ ತುಣುಕುಗಳ ಮೇಲೆ ಈ ಕಪ್ಪನ್ನು ಬಳಿದು ಬಳಿದು, ಕೊನೆಗೆ ಬಗ್ಗಿಸಿದರೂ ಒಡೆಯದ ಹಾಗೆ ಮಾಡುವ ಒಂದು ಸೇರ್ಪಡೆಯನ್ನು ಕಂಡುಕೊಂಡವಳು. ಅದು ಜೇನಿನಂಥ ಮಂದ ದ್ರವ. ಶಾಯಿ ಒಣಗಿ ಹರಳುಗಟ್ಟುವಾಗ ಈ ದ್ರವ ಹರಳು ಹರಳಿನ ಸಂದಿಯಲ್ಲಿ ಕೂತು, ಹಾಳೆ ಬಾಗಿದರೆ ತಾನೂ ಬಾಗಿ, ಹರಳುಗಳನ್ನು ಅಗಲಿಸದೆ ಹಿಡಿದುಕೊಳ್ಳುತ್ತಿತ್ತು. ಕಾರ್ಖಾನೆಯವರು ಅದಕ್ಕೆ ‘ಬೆರಕೆ’ ಎಂದರು. ಬೇರೆಲ್ಲ ಕಡೆ ಬೆರಕೆ ಎಂದರೆ ಜನ ಮೂಗು ಮುರಿಯುತ್ತಾರೆ, ಇಲ್ಲಿ ಮಾತ್ರ ಎಲ್ಲರಿಗೂ ಬೆರಕೆಯ ಮೇಲೆಯೇ ಕಣ್ಣು. ಅಂಗೈಯಗಲದಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಇಡೀ ರೋಲಿನಲ್ಲಿ ಇನ್ನೂ ಒಮ್ಮೆಯೂ ಕೈಹಿಡಿದಿರಲಿಲ್ಲ.

ಈಗ ಬಿಸ್ಕತ್ತಿನವರಿಂದ ದೊಡ್ಡ ಕೆಲಸವೊಂದು ಬಂದಿತ್ತು, ಅದಕ್ಕೆ ಉದ್ದ ಮಷೀನು ಬೇಕೇ ಬೇಕು. ಯಜಮಾನಿ ಮುಚ್ಚುಮರೆ ಮಾಡದೆ ಹೇಳಿದ್ದರು. ಈ ರೋಲು ಬಗ್ಗಿಸಿದರೂ ಉಳಿದರೆ ಬಿಸ್ಕತ್ತಿನ ಕೆಲಸ ಬೇರೆಯವರಿಗೆ, ಮಷೀನು ಇಂಕಮ್ಮನಿಗೆ. ಒಡೆದರೆ ಕಪ್ಪಿನ ಕಥೆ ಅಲ್ಲಿಗೆ ಮುಗಿಯಿತು. ಈಗ ಅದು ಒಡೆದಿತ್ತು.

“ಹಾಗಾದ್ರೆ ಮಷೀನು ತೊಳೆಸಿ ಬಿಡೋಣ,” ಎಂದರು ಯಜಮಾನಿ. ಸಿಟ್ಟಿನಿಂದಲ್ಲ. ಅವರಿಗೂ ಸಂಕಟವಿತ್ತು.

ಆಗ ಹಿಂದಿನಿಂದ ಮೇಸ್ತ್ರಿ ಕೆಮ್ಮಿದರು. ಉದ್ದ ಮಷೀನಿನ ಮೇಸ್ತ್ರಿ. ತಲೆಗೂದಲು ನೆರೆತು, ಕೆಲಸದಿಂದ ಬಿಡುಗಡೆಯಾಗುವ ದಿನ ಹತ್ತಿರ ಬಂದಿದ್ದ ಮನುಷ್ಯ. ಅಲ್ಲಿಯದೊಂದು ಪದ್ಧತಿಯಿತ್ತು. ಸುತ್ತಿ ಮುಗಿದ ರೋಲನ್ನು ಮೇಸ್ತ್ರಿ ಅಂಗೈಯಿಂದ ಎರಡು ಸಲ ತಟ್ಟಿ, ಸದ್ದು ಕೇಳಿ, ತಲೆಯಾಡಿಸಿದ ಮೇಲೆಯೇ ಬೇರೆಯವರು ಅದನ್ನು ಎತ್ತಬೇಕು. ಸಡಿಲವಾಗಿ ಸುತ್ತಿದ್ದರೆ ಸದ್ದು ಪೊಳ್ಳಾಗಿ ಬರುತ್ತದೆ. ತನ್ನ ಕೈ ತಟ್ಟಿದ ರೋಲು ಇವತ್ತಿನವರೆಗೆ ಒಂದೂ ವಾಪಸು ಬಂದಿಲ್ಲ ಎನ್ನುವುದು ಅವರಿಗಿದ್ದ ಒಂದೇ ಒಂದು ಜಂಬ. ಅದನ್ನು ಅವರು ಮದುವೆಮನೆಯಲ್ಲೂ ಹೇಳುತ್ತಿದ್ದರು, ಸಾವಿನ ಮನೆಯಲ್ಲೂ ಹೇಳುತ್ತಿದ್ದರು. ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿತ್ತು.

“ಅಮ್ಮಾವ್ರೇ, ತಪ್ಪು ನಂದು,” ಎಂದರು ಮೇಸ್ತ್ರಿ. “ತೊಟ್ಟೀಲಿ ಶಾಯಿ ಮಂದ ಆದಂಗೆ ಕಾಣಿಸ್ತು. ಹಳೇ ಚಾಳಿ ನೋಡಿ, ತೆಳು ಮಾಡೋಕೆ ಅಂತ ಒಂದು ಲೋಟ ಥಿನ್ನರ್ ಸುರಿದುಬಿಟ್ಟೆ. ಇದು ಬಿಸ್ಕತ್ತಿನ ಶಾಯಿ ಅಲ್ಲ ಅನ್ನೋದು ಕೈಗೆ ನೆನಪಾಗ್ಲಿಲ್ಲ.”

ಯಜಮಾನಿ ಅವರನ್ನೇ ನೋಡಿದರು. ಹೇಳದೆ ಕೇಳದೆ ಶಾಯಿಗೆ ಏನನ್ನಾದರೂ ಸೇರಿಸಿದವನು ಮಷೀನು ಮುಟ್ಟಕೂಡದು ಎನ್ನುವುದು ಅವರ ತಂದೆಯ ಕಾಲದ ನಿಯಮ. ಅದನ್ನು ಹೊಸಬರಿಗೆಲ್ಲ ಕಲಿಸಿದ್ದು ಇದೇ ಮೇಸ್ತ್ರಿ.

“ನೀವಾ?” ಎಂದರು. ಆಮೇಲೆ, ಶಾಯಿಯ ತಪ್ಪಲ್ಲದಿದ್ದರೆ ಇನ್ನೊಂದೇ ಒಂದು ರೋಲು ಓಡಿಸಿ ನೋಡಬಹುದು, ಬಿಸ್ಕತ್ತಿನವರಿಗೆ ವಾರದ ಕೊನೆಯವರೆಗೆ ಕಾಯಲು ಹೇಳುತ್ತೇನೆ ಎಂದರು. ಆದರೆ ಅದನ್ನು ಎರಡನೇ ಪಾಳಿಯ ಕನ್ನಡಕದವನು ಓಡಿಸಲಿ, ಮೇಸ್ತ್ರಿ ಪಕ್ಕಕ್ಕೆ ನಿಲ್ಲಲಿ, ರೋಲು ತಟ್ಟುವುದೂ ಕನ್ನಡಕದವನೇ ಎಂದು ಹೇಳಿ ಹೋದರು. ಮೇಸ್ತ್ರಿ ತಲೆ ತಗ್ಗಿಸಿ ಆಗಲಿ ಎಂದರು.

 ಬೆಳಗಿನಿಂದ ರೋಲು ಮುಗಿಯುವವರೆಗೆ ಇಂಕಮ್ಮ ತೊಟ್ಟಿಯ ಬಳಿಯಿಂದ ಕದಲಿರಲಿಲ್ಲ. ಮೇಸ್ತ್ರಿ ಅದರೊಳಗೆ ಏನನ್ನೂ ಸುರಿದಿರಲಿಲ್ಲ. ಆಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಬೆರಗೋ, ಭಯವೋ, ಇನ್ನೊಂದು ರೋಲಿನ ಆಸೆಯೋ, ಯಾವುದು ನಾಲಿಗೆ ಹಿಡಿಯಿತೆಂದು ಅವಳಿಗೇ ತಿಳಿಯಲಿಲ್ಲ.

ಎಲ್ಲರೂ ಚದುರಿದ ಮೇಲೆ ಕೈತೊಳೆಯುವ ಕೊಳಾಯಿಯ ಹತ್ತಿರ ಮೇಸ್ತ್ರಿಯನ್ನು ಅಡ್ಡಗಟ್ಟಿದಳು.

“ನೀವು ಥಿನ್ನರ್ ಹಾಕಿಲ್ಲ.”

“ಹಾಕ್ದೆ ಅಂತ ಹೇಳಿದ್ನಲ್ಲಮ್ಮ.”

“ನಾನು ಅಲ್ಲೇ ಇದ್ದೆ, ಮೇಸ್ತ್ರಿ.”

“ನೀನಿದ್ದೆ. ನೀರಿನ ಬಾಟ್ಲಿ ಅಲ್ಲಾಡಿಸ್ತಾ ನಿಂತಿದ್ದೆ,” ಎಂದು ನಕ್ಕರು.

ಇದೊಂದು ಹಳೆಯ ತಮಾಷೆ. ಇಂಕಮ್ಮನ ಕೈಗೆ ಯಾವ ಶೀಶೆ ಸಿಕ್ಕರೂ ಅದನ್ನು ಗಲಗಲ ಅಲ್ಲಾಡಿಸದೆ ಮುಚ್ಚಳ ತೆಗೆಯುತ್ತಿರಲಿಲ್ಲ. ಕುಡಿಯುವ ನೀರಾದರೂ ಸರಿ, ತಲೆಗೆ ಹಚ್ಚುವ ಎಣ್ಣೆಯಾದರೂ ಸರಿ. ಊಟದ ಹೊತ್ತಿನಲ್ಲಿ ಅವಳು ನೀರು ಕುಡಿಯುವುದನ್ನು ಕನ್ನಡಕದವನು ಅಣಕಿಸಿ ತೋರಿಸಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಈಗ ಅವಳಿಗೆ ನಗು ಬರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು.

ಮೇಸ್ತ್ರಿ ಕೊಳಾಯಿ ತಿರುಗಿಸಿ ನೀರು ನಿಲ್ಲಿಸಿದರು. “ಇಷ್ಟು ವರ್ಷ ಸುತ್ತಿದ್ದೆಲ್ಲ ಹರಿದು ಬಿಸಾಡೋ ಕಾಗದ. ಮಕ್ಕಳು ಬಿಸ್ಕತ್ತು ತಿಂತಾರೆ, ಕಾಗದ ಚರಂಡಿಗೆ ಎಸೀತಾರೆ. ತಪ್ಪಲ್ಲ ಬಿಡು, ಅದಿರೋದೇ ಅದಕ್ಕೆ. ಆದ್ರೆ ಹೋಗೋ ಮುಂಚೆ, ಜನ ಜೋಪಾನ ಮಾಡಿ ಇಟ್ಕೊಳ್ಳೋ ಅಂಥದ್ದು ಒಂದೇ ಒಂದು ರೋಲು ಈ ಮಷೀನಿಂದ ಇಳಿಯೋದನ್ನ ನೋಡ್ಬೇಕು ಅಂತ ಆಸೆ.” ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡರು. “ಸುಮ್ನೆ ನಿಂತ್ಕೋಬೇಡ. ಎಲ್ಲಿ ಎಡವಿದ್ದೀವಿ ಹುಡುಕು ಹೋಗು.”

ಅವಳಿಗೆ ಕೈ ಮುಗಿಯಬೇಕೆನಿಸಿತು. ಮುಗಿದಿದ್ದರೆ ಮೇಸ್ತ್ರಿ ಬೈಯುತ್ತಿದ್ದರು. ಹುಡುಕಲು ಹೋದಳು.

ಮರುದಿನ ಪೂರ್ತಿ ಸೋತ ರೋಲನ್ನೇ ಕಾರಿಡಾರಿನ ಉದ್ದಕ್ಕೂ ಬಿಚ್ಚಿ, ಮಂಡಿಯೂರಿ, ಕೈಗವಸು ಹಾಕಿಕೊಂಡು ಮಾರು ಮಾರಿಗೊಂದು ಪಟ್ಟಿ ಕತ್ತರಿಸಿದಳು. ಹೋಗಿಬರುವವರು ಗೋಡೆಗೆ ಆತುಕೊಂಡು ದಾಟಿದರು. ಹೊರಸುತ್ತು, ಎಂದರೆ ಕೊನೆಯಲ್ಲಿ ಬಳಿದ ಭಾಗ, ಒಡೆದದ್ದು ಗೊತ್ತೇ ಇತ್ತು. ಒಳಸುತ್ತು, ಮೊದಲು ಬಳಿದ ಭಾಗ, ಒಡೆದಿರಲಿಲ್ಲ, ಆದರೆ ಅಂಟಂಟಾಗಿ, ಮಬ್ಬು ಮಬ್ಬಾಗಿ, ಕರೆಂಟೇ ಕೊಡದೆ ಬಿದ್ದಿತ್ತು. ನಡುವೆ ಬಂದಾಗ ಅವಳು ಕತ್ತರಿ ಕೆಳಗಿಟ್ಟಳು. ನಡುವಿನ ಒಂದಷ್ಟು ಉದ್ದ, ಕನ್ನಡಿಯ ಹಾಗೆ ಹೊಳೆಯುತ್ತ, ಕಂಬಿಗೆ ಎಷ್ಟು ಸಲ ಸುತ್ತಿದರೂ ತುಟಿ ಪಿಟಕ್ಕೆನ್ನದೆ ಸುತ್ತಿಕೊಂಡು, ದೀಪದ ಕೆಳಗೆ ಮುಳ್ಳನ್ನು ಸರಕ್ಕನೆ ಮೇಲೆತ್ತಿತು.

ಅಲ್ಲಿಗೆ ಬೆರಕೆಯ ಅಳತೆ ಸರಿಯಾಗಿಯೇ ಇತ್ತು. ಆದರೆ ಒಂದೇ ತೊಟ್ಟಿ, ಒಂದೇ ಶಾಯಿ, ಒಂದೇ ಹಗಲು. ಒಂದು ರೋಲಿನೊಳಗೆ ಮೂರು ಬಗೆಯ ಹಾಳೆ ಹೇಗೆ ಬಂತು? ಬಿಸಿಗೂಡನ್ನು ನೋಡಿದಳು, ಗಾಳಿಯ ತೇವ ನೋಡಿದಳು, ಹಾಳೆ ಓಡಿದ ವೇಗ ನೋಡಿದಳು. ಎಲ್ಲವೂ ಸಭ್ಯಸ್ಥರ ಹಾಗೆ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಆ ಪ್ರಶ್ನೆ ಅವಳನ್ನು ಮನೆಯವರೆಗೂ ಹಿಂಬಾಲಿಸಿತು.

ಮನೆಯಲ್ಲಿ ಅತ್ತೆಗೆ ಕೆಮ್ಮು. ಸಣ್ಣ ಮನೆ, ಅಡುಗೆಮನೆಯ ಮೇಜಿನ ಮೇಲೆಯೇ ಔಷಧಿ, ಅಲ್ಲೇ ಇಸ್ತ್ರಿಪೆಟ್ಟಿಗೆ, ಅಲ್ಲೇ ಗಂಡನ ಕೆಲಸದ ಕೀಲಿಗೊಂಚಲು. ಅವನು ಊರೂರು ಸುತ್ತುವ ಕಣ್ಣಿನ ಆಸ್ಪತ್ರೆಯ ವ್ಯಾನಿನ ಚಾಲಕ. ವ್ಯಾನಿನ ಬಟ್ಟೆಯ ಮಾಡಿಗೆ ನಿನ್ನ ಕಪ್ಪು ಹಾಳೆ ಯಾವಾಗ ಹೊದಿಸುತ್ತೀ, ಔಷಧಿಯ ಪೆಟ್ಟಿಗೆ ತಣ್ಣಗಿಡಲು ಇಂಜಿನ್ನು ಓಡಿಸಿ ಓಡಿಸಿ ಸಾಕಾಯಿತು ಎಂದು ದಿನಕ್ಕೊಮ್ಮೆ ಕಾಲೆಳೆಯುತ್ತಿದ್ದವನು ಅವತ್ತು ಹೆಂಡತಿಯ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡು ತಾನೇ ಅಡುಗೆಗೆ ನಿಂತಿದ್ದ. ಅವಳು ಅತ್ತೆಯ ಮುಂದೆ ಕೂತು ಚಮಚ ಹಿಡಿದು, ಇನ್ನೊಂದು ಕೈಯಲ್ಲಿ ಶೀಶೆ ಅಲ್ಲಾಡಿಸುತ್ತಿದ್ದಳು. ಯೋಚನೆ ಎಲ್ಲೋ, ಕೈ ಎಲ್ಲೋ.

“ಸಾಕು ಬಿಡೇ, ಔಷಧಿಗೇ ತಲೆ ಸುತ್ತು ಬಂದೀತು,” ಎಂದರು ಅತ್ತೆ. “ನಿನ್ನೆ ನಿನ್ನ ಗಂಡ ಕೊಟ್ಟಾಗ ಬರೀ ನೀರು ಕುಡಿದಂಗಿತ್ತು. ಔಷಧಿ ಎಲ್ಲಾ ತಳಕ್ಕೆ ಕೂತಿತ್ತು.”

ಇಂಕಮ್ಮನ ಕೈ ನಿಂತಿತು.

ಪ್ರಯೋಗಾಲಯದಲ್ಲಿ ಪ್ರತಿ ತುಣುಕಿಗೆ ಬಳಿಯುವ ಮೊದಲು ಅವಳು ಶೀಶೆ ಅಲ್ಲಾಡಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ. ಅವಳೂ ತನ್ನ ವಿಧಾನದಲ್ಲಿ ಅದನ್ನು ಬರೆದಿರಲಿಲ್ಲ. ಉಸಿರಾಡುವುದನ್ನು ಯಾರು ಬರೆಯುತ್ತಾರೆ? ಆದರೆ ತೊಟ್ಟಿಯನ್ನು ಯಾರೂ ಅಲ್ಲಾಡಿಸುವುದಿಲ್ಲ. ಜೇನಿನಂಥ ಬೆರಕೆ ಕರಗಿದಂತೆ ಕಂಡರೂ ಮೆಲ್ಲಮೆಲ್ಲಗೆ ಕೆಳಗಿಳಿದು ಕೂತಿತ್ತು. ಪಂಪು ಎಳೆಯುವುದು ತಳದಿಂದ. ಹಾಗಾಗಿ ಮೊದಲ ಸುತ್ತುಗಳಿಗೆ ಬೆರಕೆ ಮಿತಿಮೀರಿ ಹೋಯಿತು, ಕೊನೆಯ ಸುತ್ತುಗಳಿಗೆ ಏನೂ ಉಳಿಯಲಿಲ್ಲ. ನಡುವೆ ಎಲ್ಲೋ ಒಂದಷ್ಟು ಹೊತ್ತು ಅಳತೆ ತಾನಾಗಿ ಸರಿಯಾಗಿತ್ತು. ಅಲ್ಲದೆ, ಆ ತೊಟ್ಟಿಗೆ ಬಿಸ್ಕತ್ತಿನ ಕಾಲದಲ್ಲಿ ಶಾಯಿಯನ್ನು ತಿರುವುತ್ತಲೇ ಇರುವ ರೆಕ್ಕೆಗಳ ಒಂದು ಕಲಕು ಇತ್ತು. ಶಾಯಿಯಲ್ಲಿ ಗುಳ್ಳೆ ಏಳುತ್ತದೆ, ಹಾಳೆಯಲ್ಲಿ ತೂತು ಬೀಳುತ್ತದೆ ಎಂದು ಹೇಳಿ ಅದನ್ನು ಕಳಚಿಸಿದ್ದು ಇವಳೇ.

ಅವಳು ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅತ್ತೆ ಗಾಬರಿಯಾಗಿ, ಒಂದು ಚಮಚ ಔಷಧಿಗೆ ಇಷ್ಟೆಲ್ಲ ಯಾಕೆ, ಮೊದಲು ಕುಡಿಸು ಎಂದರು.

ಬೆಳಿಗ್ಗೆ ಕಲಕನ್ನು ಕೇಳಿದಾಗ ಮೇಸ್ತ್ರಿ ತಮ್ಮ ಬೀರುವಿನ ಕೆಳಗಿನಿಂದ ಅದನ್ನು ಎಳೆದು ತೆಗೆದರು. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಎಲ್ಲೂ ತುಕ್ಕಿರಲಿಲ್ಲ. ಇದೇ ಕಾರಣ ಇರಬಹುದೆಂದು ನಿಮಗೆ ಮೊದಲೇ ಅನುಮಾನವಿತ್ತೇ ಎಂದು ಅವಳು ಕೇಳಿದಳು.

“ಇದ್ದಿದ್ರೆ ಅವತ್ತೇ ನಿನ್ನ ಕಿವಿ ಹಿಂಡ್ತಿರ್ಲಿಲ್ವಾ,” ಎಂದರು ಮೇಸ್ತ್ರಿ. “ಒಳ್ಳೇ ಸಾಮಾನು, ಎಸೆಯೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ.”

ಇಬ್ಬರೂ ಸೇರಿ ಅದನ್ನು ಕೂರಿಸಿದರು. ಮೊದಲ ಬಾರಿ ತಿರುಗಿಸಿದಾಗ ಗುಳ್ಳೆಯೋ ಗುಳ್ಳೆ. ಇಂಕಮ್ಮ ರೆಕ್ಕೆಗಳನ್ನು ಶಾಯಿಯ ಮೇಲ್ಮೈಗಿಂತ ಕೆಳಗಿಳಿಸಿದಳು. ಮೇಸ್ತ್ರಿ ಹಳೆಯ ಸಾಮಾನಿನಿಂದ ದೊಡ್ಡದೊಂದು ಗಾಲಿ ತಂದು ಹಾಕಿ ವೇಗ ತಗ್ಗಿಸಿದರು. ಅವಳು ಇನ್ನೂ ನಿಧಾನ ಎಂದಳು, ಅವರು ಇನ್ನೂ ದೊಡ್ಡ ಗಾಲಿ ಹುಡುಕಿದರು. ಕೊನೆಗೆ ಕಲಕು ಹೊಟ್ಟೆ ತುಂಬಿದ ಎಮ್ಮೆ ತಲೆಯಾಡಿಸಿದ ಹಾಗೆ ತಿರುಗತೊಡಗಿತು. ಶಾಯಿಯ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

ರೋಲು ಓಡಿಸುವ ದಿನ ಬೆಳಿಗ್ಗೆ, ಬಿಸಿಗೂಡು ಕಾಯುತ್ತಿರುವಾಗಲೇ ಇಂಕಮ್ಮ ಯಜಮಾನಿಯ ಕೋಣೆಗೆ ಹೋದಳು. ಗೆದ್ದ ಮೇಲೆ ಹೇಳುವುದು ಸುಲಭ, ಆದರೆ ಅದರಿಂದ ಮೇಸ್ತ್ರಿಗೆ ಸಲ್ಲಬೇಕಾದ ನ್ಯಾಯ ಸಲ್ಲುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ಸೋತರೆ ಹೇಳಲು ಬಾಯೇ ಇರುವುದಿಲ್ಲ. ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದಳು. ಮೇಸ್ತ್ರಿ ಏನನ್ನೂ ಸುರಿಯಲಿಲ್ಲ, ಕಲಕು ತೆಗೆಸಿದ್ದು ನಾನು, ತಪ್ಪು ಪೂರ್ತಿ ನನ್ನದು, ಬೇಕಾದರೆ ಈಗಲೂ ಮಷೀನು ನಿಲ್ಲಿಸಿಬಿಡಿ ಎಂದಳು.

ಯಜಮಾನಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

“ನಮ್ಮಪ್ಪನ ಕೈಯಲ್ಲೇ ಕೆಲಸ ಕಲಿತೋರು ಅವರು. ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ, ಗೊತ್ತಾ. ಮೇಸ್ತ್ರಿ ಹೀಗೆ ಮಾಡಿದ್ರಲ್ಲ ಅಂತ,” ಎಂದರು. “ನೀನು ಬಂದು ಹೇಳಿದ್ದು ಒಳ್ಳೇದಾಯ್ತು. ನನ್ನ ಮನಸ್ಸು ಹಗುರ ಆಯ್ತು,” ಎಂದರು.

ಮಷೀನು ನಿಲ್ಲಿಸಲೇ ಎಂದು ಇಂಕಮ್ಮ ಕೇಳಿದಳು.

“ಗೂಡು ಕಾದಿದೆ ಅಲ್ವಾ? ಕಾದ ಮೇಲೆ ಆರಿಸ್ತಾರಾ ಯಾರಾದ್ರೂ. ನಡಿ.”

ಹಾಳೆ ಓಡತೊಡಗಿತು. ಕನ್ನಡಕದವನು ಗುಂಡಿಗಳ ಮುಂದೆ, ಮೇಸ್ತ್ರಿ ಯಜಮಾನಿ ಹೇಳಿದ ಹಾಗೆ ಪಕ್ಕದಲ್ಲಿ, ಕೈ ಹಿಂದೆ ಕಟ್ಟಿಕೊಂಡು. ಆ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದವು. ಈ ಸಲ ಇಂಕಮ್ಮ, ಅಂಚಿನಿಂದ ಕತ್ತರಿಸಿ ಬುಟ್ಟಿಗೆ ಬೀಳುವ ಕಿರುಪಟ್ಟಿಯ ಮೇಲೂ ಕಪ್ಪು ಬರುವಂತೆ ಮಾಡಿಸಿದ್ದಳು. ರೋಲು ಬಿಚ್ಚದೆಯೇ ಮೊದಲು, ನಡು, ಕೊನೆ, ಎಲ್ಲವನ್ನೂ ನೋಡಬಹುದಿತ್ತು. ಮೊದಲ ಪಟ್ಟಿ ಕಂಬಿಗೆ ಸುತ್ತಿದಳು, ಮುಳ್ಳು ಮೇಲೇರಿ ಅಲ್ಲೇ ನಿಂತಿತು. ಖುಷಿಪಡಲಿಲ್ಲ. ನಡುವಿನದೂ ನಿಂತಿತು, ಆಗಲೂ ಖುಷಿಪಡಲಿಲ್ಲ. ಹೋದ ಸಲ ಕೈಕೊಟ್ಟಿದ್ದು ಕೊನೆ. ತೊಟ್ಟಿಯಲ್ಲಿ ಶಾಯಿ ಇಳಿಯುತ್ತ ಇಳಿಯುತ್ತ ಕಲಕಿನ ರೆಕ್ಕೆ ಕಾಣುವಷ್ಟಾಯಿತು. ಬಿಸ್ಕತ್ತು ವಿಭಾಗದವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಬಂದು ನಿಂತಿದ್ದರು, ಅವತ್ತು ಯಾರೂ ನೆಪ ಹುಡುಕಿರಲಿಲ್ಲ.

ಕೊನೆಯ ಪಟ್ಟಿಯನ್ನು ಸುತ್ತಿ, ಬಿಡಿಸಿ, ಸುತ್ತಿ, ಬಿಡಿಸಿ, ಬೆರಳು ನೋಯುವವರೆಗೆ ಮಾಡಿ, ದೀಪದ ಕೆಳಗಿಟ್ಟಳು. ಮುಳ್ಳು ಎದ್ದಿತು. ಅವಳು ಅದು ಬೀಳಲೆಂದೇ ಕಾಯುವವಳ ಹಾಗೆ ನೋಡಿದಳು. ಬೀಳಲಿಲ್ಲ. ಭೂತಗನ್ನಡಿಯನ್ನು ಯಜಮಾನಿ ತಾವೇ ಕಿತ್ತುಕೊಂಡು ನೋಡಿ, ಏನೂ ಇಲ್ಲ ಎಂದರು.

ಮಷೀನು ನಿಂತಿತು. ಸುತ್ತಿದ ರೋಲು ದಂಡದ ಮೇಲೆ ಕಪ್ಪಗೆ, ದಪ್ಪಗೆ ಕೂತಿತ್ತು. ಕನ್ನಡಕದವನು ಹೇಳಿದ ಕೆಲಸ ಮುಗಿಸೋಣವೆಂದು ಅದರ ಕಡೆ ಹೆಜ್ಜೆ ಹಾಕಿ ಕೈ ಎತ್ತಿದ.

“ನೀನಲ್ಲ,” ಎಂದರು ಯಜಮಾನಿ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ಏನು ನೋಡ್ತಿದ್ದೀರಾ? ತಟ್ಟಿ,” ಎಂದರು.

ಮೇಸ್ತ್ರಿ ಯಜಮಾನಿಯನ್ನು ನೋಡಿದರು, ಇಂಕಮ್ಮನನ್ನು ನೋಡಿದರು. ಇಂಕಮ್ಮ ತನ್ನ ನೀರಿನ ಬಾಟಲಿಯನ್ನು ಗಲಗಲ ಅಲ್ಲಾಡಿಸುತ್ತ ಬೇರೆ ಕಡೆ ಮುಖ ತಿರುಗಿಸಿಕೊಂಡಿದ್ದಳು. ಅವರಿಗೆ ಎಲ್ಲವೂ ತಿಳಿಯಿತು. ಬೆನ್ನ ಹಿಂದಿನಿಂದ ಕೈ ಬಿಡಿಸಿ, ಮುಂದೆ ಬಂದು, ರೋಲನ್ನು ಒಂದು ಸಲ ತಟ್ಟಿದರು. ಗಟ್ಟಿ ಸದ್ದು ಬಂತು. ಎರಡನೆಯದಕ್ಕೆ ಎತ್ತಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಅದೇ ಕೈಯಿಂದ ಇಂಕಮ್ಮನನ್ನು ಹತ್ತಿರ ಕರೆದರು.

ಅವಳು ಬಾಟಲಿ ಕೆಳಗಿಟ್ಟು ಬಂದಳು. ತಟ್ಟಿದಳು. ಸದ್ದು ಹೇಗೆ ಬಂತೆಂದು ಅವಳಿಗೆ ಕೇಳಿಸಲೇ ಇಲ್ಲ, ಮೇಸ್ತ್ರಿ ತಲೆಯಾಡಿಸಿದ್ದು ಮಾತ್ರ ಕಂಡಿತು. ರೋಲನ್ನು ಎತ್ತುವವರು ಎರಡೂ ಕಡೆ ಬಂದು ನಿಂತರು. ಅವಳಿನ್ನೂ ಕೈ ತೆಗೆದಿರಲಿಲ್ಲ. ಕೈಗವಸಿನ ಒಳಗಿನ ಕೈಗೂ ರೋಲು ಬೆಚ್ಚಗೆ ತಾಗುತ್ತಿತ್ತು.